ಕಾರ್ಟೂನ್ ಚಾನೆಲ್ ಮುಂದೆ ಕುಳಿತ ಮಗುವಿನ ಪಕ್ಕದಲ್ಲಿ ಯಾರಿದ್ದಾರೆ?

ಸಂತಾನವು ಅಲ್ಲಾಹನ ಅನುಗ್ರಹ. ಅದು ನಮ್ಮ ಸೊತ್ತಲ್ಲ, ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತು. ಪ್ರತಿಯೊಬ್ಬನೂ ಕುರಿಗಾಹಿಯಂತೆ, ತನ್ನ ಸುಪರ್ದಿಯಲ್ಲಿರುವವರ ಬಗ್ಗೆ ಅವನನ್ನು ವಿಚಾರಿಸಲಾಗುವುದು ಎಂದು ಪ್ರವಾದಿವರ್ಯರು(ಸ) ಕಲಿಸಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಈ ವಚನವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಕುರಿಗಾಹಿಯ ಕೆಲಸ ಏನೆಂದು ಯೋಚಿಸಿದ್ದೇವೆಯೇ? ಅವನು ಮಂದೆಗೆ ಮೇವು ಹಾಕಿ ಮನೆಗೆ ಹೋಗಿ ಮಲಗುವುದಿಲ್ಲ. ಮಂದೆ ಎಲ್ಲಿ ಮೇಯುತ್ತದೋ ಅಲ್ಲಿ ತಾನೂ ಇರುತ್ತಾನೆ.

ನಮ್ಮ ಮಕ್ಕಳು ಈಗ ಎಲ್ಲಿ ಮೇಯುತ್ತಿದ್ದಾರೆ? ಅಸ್ರ್ ನಮಾಝಿನ ನಂತರ ತಿಲಕ್ ನಗರದ, ಗುರಪ್ಪನಪಾಳ್ಯದ, ಬನಶಂಕರಿಯ ಯಾರಬ್ ನಗರದ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಯ ಫ್ಲ್ಯಾಟುಗಳ ಮೆಟ್ಟಿಲು ಹತ್ತಿ ನೋಡಿ. ಒಂದೇ ಕೋಣೆಯ ಮನೆಯಾಗಲಿ, ಮೂರು ಕೋಣೆಯ ಮನೆಯಾಗಲಿ, ಒಳಗಿನಿಂದ ಬರುವ ಸದ್ದು ಒಂದೇ. ಅದು ಕಾರ್ಟೂನಿನ ಸದ್ದು. ತಾಯಿ ಅಡುಗೆಮನೆಯಲ್ಲಿ, ತಂದೆ ಇನ್ನೂ ಟ್ರಾಫಿಕ್ಕಿನಲ್ಲಿ. ಮಗುವಿನೊಡನೆ ಮಾತಾಡುತ್ತಿರುವುದು ಚಾನೆಲ್ ಒಂದೇ.

ಈ ಚಾನೆಲ್ಲನ್ನು ಶಪಿಸುವುದು ಸುಲಭ, ಬರೀ ಆಟವೆಂದು ಕಡೆಗಣಿಸುವುದೂ ಸುಲಭ. ಎರಡರಿಂದಲೂ ಮಗುವಿಗೆ ಪ್ರಯೋಜನವಿಲ್ಲ. ಅದು ಎಲ್ಲಿಂದ ಬಂತು, ಹೇಗೆ ಕೆಲಸ ಮಾಡುತ್ತದೆ, ಇಸ್ಲಾಮಿನ ಬೆಳಕಿನಲ್ಲಿ ನಮ್ಮ ಹೊಣೆ ಏನು ಎಂಬುದನ್ನು ನೋಡೋಣ.

ಚಾನೆಲ್ ಬಂದ ದಾರಿ

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಮಕ್ಕಳಿಗೆ ಸಿಗುತ್ತಿದ್ದುದು ವಾರಕ್ಕೆ ಕೆಲವು ಹೊತ್ತಿನ ಕಾರ್ಟೂನ್ ಮಾತ್ರ. 1993ರಲ್ಲಿ ಬಂದ 'ಜಂಗಲ್ ಬುಕ್' ಅನೇಕ ತಂದೆ ತಾಯಂದಿರಿಗೆ ಇಂದಿಗೂ ನೆನಪಿದೆ. ಭಾರತದ ಕಾಡಿನ ಕಥೆ, ಬರೆದವರು ಆಂಗ್ಲರು, ಚಿತ್ರ ಬಿಡಿಸಿದವರು ಜಪಾನಿನವರು, ಮಾತು ಹಿಂದಿಯದು. ನೋಡುತ್ತಿದ್ದುದು ಬೆಂಗಳೂರಿನ ಕನ್ನಡದ ಮಕ್ಕಳು. ಒಂದೇ ಚಿತ್ರ ಎಷ್ಟು ದೇಶ, ಎಷ್ಟು ನಾಲಿಗೆಗಳನ್ನು ದಾಟಿ ಬರಬಲ್ಲದು ಎಂಬುದಕ್ಕೆ ಅದೇ ಸಾಕ್ಷಿ.

1995ರ ಮೇ 1ರಂದು ಕಾರ್ಟೂನ್ ನೆಟ್‌ವರ್ಕ್ ಭಾರತದಲ್ಲಿ ಪ್ರಸಾರ ಆರಂಭಿಸಿತು. ಮೊದಲು ಅದು ಹಗಲಿನಲ್ಲಿ ಮಾತ್ರ ಕಾರ್ಟೂನ್ ತೋರಿಸುತ್ತಿತ್ತು. ರಾತ್ರಿ ಅದೇ ಜಾಗದಲ್ಲಿ ಟಿ.ಎನ್.ಟಿ.ಯ ಹಳೆಯ ಇಂಗ್ಲಿಷ್ ಚಲನಚಿತ್ರಗಳು ಬರುತ್ತಿದ್ದವು. ಮುಂದೆ ದಿನದ 24 ಗಂಟೆಯೂ ಕಾರ್ಟೂನೇ ಆಯಿತು. ಇಂಗ್ಲಿಷಿನ ಜೊತೆಗೆ ಹಿಂದಿ, ಆಮೇಲೆ ತಮಿಳು, ತೆಲುಗು ಧ್ವನಿಗಳು ಸೇರಿದವು. 2004ರಲ್ಲಿ ಪೋಗೊ, ಹಂಗಾಮಾ, ಡಿಸ್ನಿ ಚಾನೆಲ್‌ಗಳು ಬಂದವು.

ದಕ್ಷಿಣದ ನಾಲ್ಕು ಭಾಷೆಗಳಿಗೆ ಪ್ರತ್ಯೇಕ ಮಕ್ಕಳ ಚಾನೆಲ್ ತಂದದ್ದು ಸನ್ ನೆಟ್‌ವರ್ಕ್. 2007ರಲ್ಲಿ ತಮಿಳಿನ ಚುಟ್ಟಿ ಟಿ.ವಿ., 2009ರಲ್ಲಿ ತೆಲುಗಿನ ಖುಷಿ ಟಿ.ವಿ. ಮತ್ತು ಕನ್ನಡದ ಚಿಂಟು ಟಿ.ವಿ., 2011ರಲ್ಲಿ ಮಲೆಯಾಳದ ಕೊಚ್ಚು ಟಿ.ವಿ. ಆರಂಭವಾದವು. 2021ರಲ್ಲಿ ಈಟಿವಿ ಸಮೂಹವು ಬಾಲ ಭಾರತ್ ಎಂಬ ಹೆಸರಿನಲ್ಲಿ ಕನ್ನಡವೂ ಸೇರಿದಂತೆ ಹನ್ನೆರಡು ಭಾಷೆಗಳಲ್ಲಿ ಮಕ್ಕಳ ಪ್ರಸಾರಕ್ಕೆ ಕೈಹಾಕಿತು.

ಕನ್ನಡಕ್ಕೆ ಇದು ತಡವಾಗಿ ಬಂದುದಕ್ಕೆ ಒಂದು ಹಿನ್ನೆಲೆಯಿದೆ. 1960ರ ದಶಕದಿಂದ ಕನ್ನಡ ಚಿತ್ರರಂಗದಲ್ಲಿ ಡಬ್ಬಿಂಗ್‌ಗೆ ಬಲವಾದ ವಿರೋಧವಿತ್ತು. ಪರಭಾಷೆಯ ಚಿತ್ರಗಳು ಕನ್ನಡದ ಕಲಾವಿದರ ಅನ್ನ ಕಿತ್ತುಕೊಳ್ಳುತ್ತವೆ ಎಂಬುದು ವಿರೋಧಿಸಿದವರ ವಾದ. ಕನ್ನಡದಲ್ಲಿ ಸಿಗದಿದ್ದರೆ ನಮ್ಮ ಮಕ್ಕಳು ಅದನ್ನೇ ಬೇರೆ ಭಾಷೆಯಲ್ಲಿ ನೋಡುತ್ತಾರೆ, ಕನ್ನಡವನ್ನೇ ಬಿಡುತ್ತಾರೆ ಎಂಬುದು ಡಬ್ಬಿಂಗ್ ಬೇಕೆಂದವರ ವಾದ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಆದೇಶಿಸಿತು. ಅದಕ್ಕೂ ಮೊದಲೇ ಚಿಂಟು ಟಿ.ವಿ.ಯ ಮೂಲಕ ಕಾರ್ಟೂನಿನ ಪಾತ್ರಗಳು ಕನ್ನಡದಲ್ಲಿ ಮಾತಾಡತೊಡಗಿದ್ದವು.

ನಾಲಿಗೆ ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ

ನಮ್ಮ ಕುಟುಂಬಗಳಿಗೆ ಈ ಭಾಷೆಯ ವಿಷಯ ಸಣ್ಣದಲ್ಲ. ದಕ್ಷಿಣ ಬೆಂಗಳೂರಿನ ಮುಸ್ಲಿಮ್ ಮನೆಗಳಲ್ಲಿ ಒಂದು ಕಡೆ ದಖನಿ ಉರ್ದು, ಕರಾವಳಿಯಿಂದ ಬಂದ ಮನೆಗಳಲ್ಲಿ ಬ್ಯಾರಿ ಅಥವಾ ನವಾಯತಿ, ಇನ್ನು ಕೆಲವೆಡೆ ಕನ್ನಡವೇ ಮನೆಮಾತು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು. ಈ ಮಗುವಿನ ಮುಂದೆ ದಿನಕ್ಕೆ ಎರಡು ಮೂರು ಗಂಟೆ ಮಾತಾಡುವ ಪೆಟ್ಟಿಗೆ ಯಾವ ಭಾಷೆ ಆಡುತ್ತದೋ ಆ ಭಾಷೆ ಅದರ ನಾಲಿಗೆಯ ಮೇಲೆ ಕೂರುತ್ತದೆ.

ನೆರೆಯ ಬಾಂಗ್ಲಾದೇಶದಲ್ಲಿ ಇದೇ ಚಿಂತೆ ಸರಕಾರದವರೆಗೆ ಹೋಯಿತು. ಅಲ್ಲಿಯ ಮಕ್ಕಳು ಹಿಂದಿಯಲ್ಲಿ ಬರುತ್ತಿದ್ದ ಜಪಾನೀ ಕಾರ್ಟೂನ್ 'ಡೋರೇಮಾನ್' ನೋಡುತ್ತಾ ಮನೆಯಲ್ಲಿ ಬಂಗಾಳಿ ಬಿಟ್ಟು ಹಿಂದಿ ಆಡತೊಡಗಿದ್ದರು. ಭಾಷೆಗಾಗಿ ರಕ್ತ ಸುರಿಸಿದ ದೇಶ ಅದು. 2013ರಲ್ಲಿ ಅಲ್ಲಿಯ ಸರಕಾರ ಆ ಪ್ರಸಾರವನ್ನು ನಿಲ್ಲಿಸಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. 1979ರಲ್ಲಿ ಕುವೈತಿನಲ್ಲಿ ತಯಾರಾದ 'ಇಫ್ತಹ್ ಯಾ ಸಿಮ್‌ಸಿಮ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಯಾವುದೇ ಒಂದು ದೇಶದ ಆಡುಮಾತನ್ನು ಬಳಸದೆ ಶಿಷ್ಟ ಅರಬೀ ಭಾಷೆಯನ್ನು ಬಳಸಲಾಯಿತು. ಹಲವು ಅರಬ್ ನಾಡುಗಳ ಮಕ್ಕಳು ಒಂದೇ ಭಾಷೆಯಲ್ಲಿ ಅಕ್ಷರ ಕಲಿತರು. ಅದೇ ರೀತಿ ಮನೆಯಲ್ಲಿ ದಖನಿ ಆಡುವ ಮಗು ಕನ್ನಡದ ಕಾರ್ಟೂನ್ ನೋಡಿ ನಾಲ್ಕು ಒಳ್ಳೆಯ ಕನ್ನಡ ಪದ ಕಲಿತರೆ ಅದು ಲಾಭವೇ. ತನ್ನ ನಾಡಿನ ಭಾಷೆಯಲ್ಲಿ ನೆರೆಯವನೊಂದಿಗೆ ಹಿಂಜರಿಯದೆ ಮಾತಾಡಬಲ್ಲ ಮುಸ್ಲಿಮ್ ಮಗು ತನ್ನ ಧರ್ಮದ ಪರಿಚಯವನ್ನೂ ಚೆನ್ನಾಗಿ ಮಾಡಿಕೊಡಬಲ್ಲದು.

ಆದರೆ ಒಂದು ಸಂಗತಿಯನ್ನು ಮರೆಯಬಾರದು. ಡಬ್ಬಿಂಗ್ ಮಾಡುವಾಗ ಬದಲಾಗುವುದು ಮಾತು ಮಾತ್ರ. ಚಿತ್ರ, ಹಾಸ್ಯ, ಮನೆಯೊಳಗಿನ ನಡವಳಿಕೆ, ತಂದೆ ತಾಯಿಗೆ ಮಗ ಉತ್ತರಿಸುವ ರೀತಿ ಇವೆಲ್ಲ ಮೊದಲು ಬರೆದ ದೇಶದ್ದೇ ಆಗಿರುತ್ತವೆ. ಅಮೆರಿಕದಲ್ಲಿ 2000ದಲ್ಲಿ ಆರಂಭವಾದ 'ಡೋರಾ' ಇಂಗ್ಲಿಷ್ ಮಕ್ಕಳಿಗೆ ಸ್ಪ್ಯಾನಿಷ್ ಪದ ಕಲಿಸಲು ಹುಟ್ಟಿದ್ದು. ಅನೇಕ ದೇಶಗಳಿಗೆ ಹೋದಾಗ ಅದೇ ಹುಡುಗಿ ಇಂಗ್ಲಿಷ್ ಪದ ಕಲಿಸುವವಳಾದಳು. 'ಟಾಮ್ ಅಂಡ್ ಜೆರ್‍ರಿ'ಗಂತೂ ಮಾತೇ ಹೆಚ್ಚು ಬೇಕಿಲ್ಲ. 1940ರಿಂದ ಬೆಕ್ಕು ಇಲಿಯ ಜಗಳ ಎಲ್ಲ ದೇಶಗಳಲ್ಲೂ ನಡೆದಿದೆ. ಆದುದರಿಂದ ಕನ್ನಡದಲ್ಲಿ ಬಂತು ಎಂದ ಮಾತ್ರಕ್ಕೆ ಅದು ನಮ್ಮದಾಗಲಿಲ್ಲ, ಇಂಗ್ಲಿಷಿನಲ್ಲಿದೆ ಎಂದ ಮಾತ್ರಕ್ಕೆ ಅದು ಜ್ಞಾನವೂ ಆಗಲಿಲ್ಲ. ಯಾವ ಭಾಷೆಯಲ್ಲಿದ್ದರೂ ಅದು ಮಗುವಿಗೆ ಹೇಳುತ್ತಿರುವುದೇನು ಎಂದು ನೋಡುವವರು ಬೇಕು.

ಇಸ್ಲಾಂ ಮಗುವಿನ ಆಟವನ್ನು ಕಿತ್ತುಕೊಂಡಿದೆಯೇ?

ಕೆಲವರು ಧರ್ಮವೆಂದರೆ ಮಗುವಿನ ಕೈಯಿಂದ ಎಲ್ಲವನ್ನೂ ಕಿತ್ತುಕೊಳ್ಳುವುದು ಎಂದು ತಿಳಿದಿದ್ದಾರೆ. ಪ್ರವಾದಿವರ್ಯರ(ಸ) ಮನೆಯನ್ನು ನೋಡಿ. ಹಝ್ರತ್ ಆಯಿಶಾ(ರ) ಚಿಕ್ಕವರಿದ್ದಾಗ ಅವರ ಬಳಿ ಗೊಂಬೆಗಳಿದ್ದವು. ಅವುಗಳ ನಡುವೆ ಬಟ್ಟೆಯ ಎರಡು ರೆಕ್ಕೆ ಕಟ್ಟಿದ ಒಂದು ಕುದುರೆಯೂ ಇತ್ತು. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ(ಸ) ಕೇಳಿದಾಗ, ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆ ಇತ್ತೆಂದು ತಾವು ಕೇಳಿಲ್ಲವೇ ಎಂದು ಅವರು ಮರುಪ್ರಶ್ನೆ ಹಾಕಿದರು. ಪ್ರವಾದಿ(ಸ) ದವಡೆಹಲ್ಲು ಕಾಣುವಷ್ಟು ನಕ್ಕರು ಎಂದು ಅಬೂದಾವೂದ್ ವರದಿ ಮಾಡಿದ್ದಾರೆ. ಹಾರುವ ಕುದುರೆಯನ್ನು ಕಲ್ಪಿಸಿಕೊಂಡ ಎಳೆಯ ಮನಸ್ಸನ್ನು ಅವರು ಗದರಲಿಲ್ಲ.

ಇನ್ನೊಂದು ಘಟನೆ ನಮ್ಮ ವಿಷಯಕ್ಕೆ ಇದಕ್ಕಿಂತಲೂ ಹತ್ತಿರವಾದುದು. ಈದ್ ದಿನ ಮಸೀದಿಯಲ್ಲಿ ಅಬಿಸೀನಿಯದವರು ಈಟಿಗಳ ಆಟ ಪ್ರದರ್ಶಿಸುತ್ತಿದ್ದರು. ಆಯಿಶಾ(ರ) ಅದನ್ನು ನೋಡಬಯಸಿದರು. ಪ್ರವಾದಿ(ಸ) ಅವರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು, ಅವರಿಗೆ ಸಾಕೆನಿಸುವವರೆಗೂ ತಾವೂ ನಿಂತರು. ಆಟದಲ್ಲಿ ಆಸಕ್ತಿಯಿರುವ ಎಳೆಯ ಹುಡುಗಿ ಎಷ್ಟು ಹೊತ್ತು ನೋಡಬಯಸುತ್ತಾಳೆಂದು ಊಹಿಸಿಕೊಳ್ಳಿ ಎಂಬರ್ಥದಲ್ಲಿ ಆಯಿಶಾ(ರ) ಮುಂದೆ ಅದನ್ನು ನೆನೆದಿದ್ದಾರೆ.

ಓದುಗರೇ, ಇಲ್ಲಿ ನಿಂತು ಯೋಚಿಸಿ. ಅರೇಬಿಯದ ಆಡಳಿತ ಹೊತ್ತವರು, ವಹ್ಯಿ ಸ್ವೀಕರಿಸುತ್ತಿದ್ದವರು ಮನೆಯ ಎಳೆಯರ ವಿನೋದಕ್ಕಾಗಿ ನಿಂತುಕೊಂಡರು. ಹೋಗಿ ನೋಡು ಎಂದು ಕಳುಹಿಸಿಬಿಡಲಿಲ್ಲ, ನೋಡಲೇಬೇಡ ಎಂದೂ ತಡೆಯಲಿಲ್ಲ. ಜೊತೆಗೆ ನಿಂತರು. ನಮ್ಮಲ್ಲಿ ಎಷ್ಟು ಮಂದಿ ತಂದೆಯರು ಮಗುವಿನ ಪಕ್ಕದಲ್ಲಿ ಕುಳಿತು ಅರ್ಧ ಗಂಟೆಯ ಒಂದು ಕಾರ್ಟೂನನ್ನು ಪೂರ್ತಿ ನೋಡಿದ್ದೇವೆ?

ಜೀವಿಗಳ ಚಿತ್ರದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ಕಾರ್ಟೂನನ್ನೇ ಒಪ್ಪುವುದಿಲ್ಲ. ಮಕ್ಕಳ ಗೊಂಬೆಗಿರುವ ರಿಯಾಯಿತಿಯನ್ನು ಇದಕ್ಕೂ ಅನ್ವಯಿಸುವವರಿದ್ದಾರೆ. ಮನೆಯಲ್ಲಿ ಟಿ.ವಿ. ಇಡದಿರುವ ಕುಟುಂಬಗಳನ್ನು ಗೌರವಿಸೋಣ. ಈ ಲೇಖನದ ಮಾತು ಟಿ.ವಿ. ಇರುವ ಮನೆಗಳಿಗೆ ಸಂಬಂಧಿಸಿದ್ದು.

ಹಾನಿ ಎಲ್ಲಿದೆ?

ಮೊದಲನೆಯದು ಸಮಯ. ದಿನಕ್ಕೆ ಎರಡು ಗಂಟೆ ಎಂದರೆ ವರ್ಷಕ್ಕೆ 730 ಗಂಟೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸಲಹೆಯಂತೆ ಒಂದು ವರ್ಷದ ಮಗುವಿಗೂ ಅದಕ್ಕಿಂತ ಚಿಕ್ಕದಕ್ಕೂ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಎರಡು ವರ್ಷದೊಳಗೆ ಬೇಡ, ಐದು ವರ್ಷದವರೆಗೆ ಒಂದು ಗಂಟೆ, ಹತ್ತು ವರ್ಷದವರೆಗೆ ಎರಡು ಗಂಟೆಗಿಂತ ಕಡಿಮೆ ಎಂದು ಹೇಳಿದೆ. ತುತ್ತು ತಿನ್ನಿಸಲು ಎಂಟು ತಿಂಗಳ ಕೂಸಿನ ಮುಂದೆ ಕಾರ್ಟೂನ್ ಹಚ್ಚುವ ಅಮ್ಮಂದಿರೂ ಅಜ್ಜಿಯರೂ ಇದನ್ನು ಗಮನಿಸಬೇಕು.

ಎರಡನೆಯದು ಅನುಕರಣೆ. ಮಗು ಕೇಳಿದ್ದಕ್ಕಿಂತ ಕಂಡದ್ದನ್ನು ಬೇಗ ಕಲಿಯುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1961ರಲ್ಲಿ ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ಮಕ್ಕಳಿಗೆ ತೋರಿಸಿದರು. ಮಕ್ಕಳೂ ಅದೇ ರೀತಿ ಹೊಡೆದರು. 1963ರಲ್ಲಿ ಅದನ್ನೇ ಚಲನಚಿತ್ರದ ರೂಪದಲ್ಲೂ ಕಾರ್ಟೂನಿನ ರೂಪದಲ್ಲೂ ತೋರಿಸಿದರು. ಆಗಲೂ ಫಲ ಅದೇ ಆಯಿತು. ಕಾರ್ಟೂನಿನಲ್ಲಿ ಬೆಕ್ಕಿನ ತಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಬಿದ್ದರೆ ರಕ್ತ ಬರುವುದಿಲ್ಲ, ಮರುಕ್ಷಣ ಅದು ಎದ್ದು ಓಡುತ್ತದೆ. ನೋವಿಲ್ಲದ ಹೊಡೆತವನ್ನು ದಿನವೂ ನೋಡಿದ ಮಗುವಿಗೆ ತಮ್ಮನ ಅಳು ಕೂಡ ತಮಾಷೆಯಾಗಿ ಕಾಣಬಹುದು. ದಪ್ಪಗಿರುವವನನ್ನು ನಗೆಪಾಟಲು ಮಾಡುವುದು, ಗುರುವನ್ನು ಅಣಕಿಸುವುದು, ಸುಳ್ಳು ಹೇಳಿ ತಪ್ಪಿಸಿಕೊಳ್ಳುವುದು ಇವೂ ಹೊಡೆತದಷ್ಟೇ ಕೆಟ್ಟವು. ಇತರರನ್ನು ಅಪಹಾಸ್ಯ ಮಾಡುವುದನ್ನೂ ಅಡ್ಡ ಹೆಸರಿನಿಂದ ಕರೆಯುವುದನ್ನೂ ಅಲ್ಲಾಹನು ಸೂರಃ ಅಲ್‌ಹುಜುರಾತ್‌ನಲ್ಲಿ ನಿಷೇಧಿಸಿದ್ದಾನೆ.

ಪರದೆ ಮನಸ್ಸನ್ನಷ್ಟೇ ಅಲ್ಲ, ದೇಹವನ್ನೂ ತಟ್ಟಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ವೇಗವಾಗಿ ಮಿನುಗಿದಾಗ ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಕೆಲವರಿಗೆ ಫಿಟ್ಸ್ ಬಂದಿತ್ತು. ಕತ್ತಲ ಕೋಣೆಯಲ್ಲಿ ಪರದೆಗೆ ಮೂಗು ತಾಗಿಸಿ ಕೂರಬೇಡ ಎಂದು ದೊಡ್ಡವರು ಹೇಳುವುದು ಸುಮ್ಮನೆ ಅಲ್ಲ.

ಮೂರನೆಯದು ಜಾಹೀರಾತು. ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ ಹೆಚ್ಚೆಂದರೆ 12 ನಿಮಿಷ ಜಾಹೀರಾತು ಹಾಕಬಹುದು. ಅದರಲ್ಲಿ 10 ನಿಮಿಷ ವ್ಯಾಪಾರದ್ದು, 2 ನಿಮಿಷ ಚಾನೆಲ್ಲಿನ ಸ್ವಂತದ್ದು. ಮೇಲಿನ 730 ಗಂಟೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ 146 ಗಂಟೆ, ಅಂದರೆ ಆರು ಹಗಲು ಆರು ರಾತ್ರಿ ಬರೀ ಜಾಹೀರಾತು! ಎಂಟು ವರ್ಷದೊಳಗಿನ ಮಗುವಿಗೆ ಜಾಹೀರಾತು ತನ್ನನ್ನು ಒಲಿಸಲು ಮಾಡಿದ್ದೆಂದು ತಿಳಿಯುವುದಿಲ್ಲ, ಹೇಳಿದ್ದೆಲ್ಲ ನಿಜವೆಂದೇ ನಂಬುತ್ತದೆ ಎಂದು ಅಮೆರಿಕದ ಮನಃಶಾಸ್ತ್ರ ಸಂಘದ ತಜ್ಞರು 2004ರಲ್ಲಿ ವರದಿ ಮಾಡಿದ್ದಾರೆ. ಅಂಗಡಿ ಮುಂದೆ ನೆಲದ ಮೇಲೆ ಬಿದ್ದು ಅಳುವ ಮಗುವಿನ ಹಟ ಎಲ್ಲಿಂದ ಬಂತೆಂದು ಈಗ ತಿಳಿಯಿತೇ? ಚಿಪ್ಸ್, ಸೋಡಾ ಪಾನೀಯ ಮುಂತಾದವುಗಳ ಜಾಹೀರಾತನ್ನು ಮಕ್ಕಳ ಚಾನೆಲ್‌ಗಳಲ್ಲಿ ಹಾಕಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ನಿಯಮ ಹೊರಡಿಸಿದೆ. ಇದನ್ನು ಮೀರಿದ್ದು ಕಂಡರೆ 1915 ಸಂಖ್ಯೆಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಕೆಡುಕನ್ನು ತಡೆಯುವುದು ಮನೆಯೊಳಗಿನ ಕೆಲಸ ಮಾತ್ರವಲ್ಲ.

ನಂಬಿಕೆಯ ಪ್ರಶ್ನೆ ಬಂದಾಗ

2005ರಲ್ಲಿ 'ಹನುಮಾನ್' ಎಂಬ ಕಾರ್ಟೂನ್ ಚಲನಚಿತ್ರ ಯಶಸ್ವಿಯಾದ ನಂತರ ಪುರಾಣ ಕಥೆಗಳ ಕಾರ್ಟೂನ್‌ಗಳು ನಮ್ಮ ದೇಶದ ಚಾನೆಲ್‌ಗಳಲ್ಲಿ ಹೆಚ್ಚಿದವು. ಹೈದರಾಬಾದಿನಲ್ಲಿ ತಯಾರಾಗಿ 2008ರಲ್ಲಿ ಪೋಗೊದಲ್ಲಿ ಆರಂಭವಾದ 'ಛೋಟಾ ಭೀಮ್' ಪುರಾಣದ ಕಥೆಯಲ್ಲ. ಢೋಲಕ್‌ಪುರ ಎಂಬ ಊರಿನ, ಲಡ್ಡು ತಿಂದು ಬಲ ಪಡೆಯುವ ಹುಡುಗನ ಕಥೆ. ಆದರೆ ದೇವತೆಗಳೇ ಪಾತ್ರಗಳಾಗಿರುವ ಕಾರ್ಟೂನ್‌ಗಳೂ ಇವೆ. ಅದನ್ನು ನೋಡಿದ ಐದು ವರ್ಷದ ಮಗು ಕೈ ಜೋಡಿಸಿ ನಿಂತರೆ ಅಥವಾ ಅಮ್ಮೀ, ಈ ದೇವರು ಬೆಟ್ಟ ಎತ್ತಿದರಲ್ಲಾ, ಅಲ್ಲಾಹ್ ಎತ್ತುತ್ತಾನಾ ಎಂದು ಕೇಳಿದರೆ ಏನು ಮಾಡುವಿರಿ?

ಹೊಡೆಯಬೇಡಿ, ಬೆಚ್ಚಿಬೀಳಬೇಡಿ. ಮಗು ಪ್ರಶ್ನೆ ಕೇಳಿದ್ದು ನಿಮಗೆ ಸಿಕ್ಕ ಅವಕಾಶ. ಬೆಟ್ಟವನ್ನು ಸೃಷ್ಟಿಸಿದವನೇ ಅಲ್ಲಾಹ್ ಎಂದು ಹೇಳಿ. ಅವನನ್ನು ಯಾರೂ ಚಿತ್ರದಲ್ಲಿ ಬಿಡಿಸಲಾರರು, ಅವನಿಗೆ ಸಮಾನ ಯಾರೂ ಇಲ್ಲ ಎಂದು ತಿಳಿಸಿ. ಲುಕ್ಮಾನರು ತಮ್ಮ ಮಗನಿಗೆ ಕೊಟ್ಟ ಉಪದೇಶದಲ್ಲಿ ಮೊದಲನೆಯದು ಇದೇ ಅಲ್ಲವೇ? ಅವರು ಅದನ್ನು ಪ್ರೀತಿಯ ಸಂಬೋಧನೆಯೊಂದಿಗೇ ಆರಂಭಿಸಿದ್ದರು ಎಂಬುದನ್ನೂ ಗಮನಿಸಿ.

ಅದರ ಜೊತೆಗೇ ಇನ್ನೊಂದು ಪಾಠ ಹೇಳಿಕೊಡಿ. ಪಕ್ಕದ ಮನೆಯ ಗೆಳೆಯ ಆ ಕಥೆಯನ್ನು ಭಕ್ತಿಯಿಂದ ನೋಡುತ್ತಾನೆ. ಅವನ ಮುಂದೆ ಅದನ್ನು ಹೀಯಾಳಿಸಕೂಡದು. ಅಲ್ಲಾಹನ ಹೊರತು ಇತರರು ಆರಾಧಿಸುವವರನ್ನು ನಿಂದಿಸಬಾರದೆಂದು ಸೂರಃ ಅಲ್‌ಅನ್‌ಆಮ್‌ನಲ್ಲಿ ಸ್ಪಷ್ಟ ಆದೇಶವಿದೆ. ತನ್ನ ನಂಬಿಕೆಯಲ್ಲಿ ದೃಢವಾಗಿರುವುದೂ ನೆರೆಯವನ ಮನಸ್ಸನ್ನು ನೋಯಿಸದಿರುವುದೂ ಎರಡೂ ಇಸ್ಲಾಮೇ. ಇದನ್ನು ಚಾನೆಲ್ ಕಲಿಸುವುದಿಲ್ಲ. ಪಕ್ಕದಲ್ಲಿ ಕುಳಿತವರು ಕಲಿಸಬೇಕು.

ಪಕ್ಕದಲ್ಲಿ ಕುಳಿತರೆ ಏನಾಗುತ್ತದೆ?

'ಡೋರೇಮಾನ್' ಕಾರ್ಟೂನನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದರಲ್ಲಿ ನೋಬಿತಾ ಎಂಬ ಸೋಮಾರಿ ಹುಡುಗ. ಹೋಮ್‌ವರ್ಕ್ ಮಾಡುವುದಿಲ್ಲ, ತಾಯಿಯ ಬೈಗುಳದಿಂದ ತಪ್ಪಿಸಿಕೊಳ್ಳಲು ನೋಡುತ್ತಾನೆ. ಯಂತ್ರಬೆಕ್ಕು ತನ್ನ ಜೇಬಿನಿಂದ ಒಂದು ಮಾಯದ ಸಾಧನ ತೆಗೆದುಕೊಡುತ್ತದೆ. ಒಬ್ಬನೇ ನೋಡುವ ಮಗುವಿಗೆ ಉಳಿಯುವುದು ಒಂದೇ ಆಸೆ: ನನಗೂ ಅಂಥದೊಂದು ಇದ್ದರೆ! ಆದರೆ ಅನೇಕ ಕಂತುಗಳಲ್ಲಿ ಆ ಸಾಧನವನ್ನು ದುರುಪಯೋಗ ಮಾಡಿದ ನೋಬಿತಾ ಕೊನೆಗೆ ಸಿಕ್ಕಿಬೀಳುತ್ತಾನೆ. ಪಕ್ಕದಲ್ಲಿ ಅಬ್ಬಾ ಇದ್ದು, ಅವನು ಸಿಕ್ಕಿಬಿದ್ದದ್ದು ಏಕೆ ಮಗಾ ಎಂದು ಕೇಳಿದರೆ ಸಾಕು, ಅದೇ ಕಾರ್ಟೂನು ಪಾಠವಾಗುತ್ತದೆ. ಚಿತ್ರ ಅದೇ, ಚಾನೆಲ್ ಅದೇ. ವ್ಯತ್ಯಾಸ ಮಾಡಿದ್ದು ಪಕ್ಕದಲ್ಲಿದ್ದವರು.

ಅನಸ್‌ರ(ರ) ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯನ್ನು ಸಾಕಿದ್ದ. ಪ್ರವಾದಿ(ಸ) ಅವನನ್ನು ಕಂಡಾಗ ಅವನ ಹಕ್ಕಿಯ ವಿಷಯವನ್ನೇ ಎತ್ತಿ ಮಾತಾಡಿಸುತ್ತಿದ್ದರು. ಮಗುವಿನ ಮನಸ್ಸಿನಲ್ಲಿ ಏನಿದೆಯೋ ಅಲ್ಲಿಂದಲೇ ಮಾತು ಆರಂಭಿಸುವುದು ಪ್ರವಾದಿಯ ಚರ್ಯೆ. ನಿಮ್ಮ ಮಗುವಿನ ಮನಸ್ಸಿನಲ್ಲಿ ಕಾರ್ಟೂನ್ ಇದ್ದರೆ ಆ ಪಾತ್ರದ ಹೆಸರಾದರೂ ನಿಮಗೆ ಗೊತ್ತಿರಬೇಕು.

ಮನೆಯಲ್ಲಿ ಪಾಲಿಸಬಹುದಾದ ಕೆಲವು ಕ್ರಮಗಳು

1. ಆರಿಸಿ ತೆಗೆದುಕೊಳ್ಳಿ. ಬೆಂಗಳೂರಿನ ಕೇಬಲ್ 2013ರಲ್ಲಿ ಡಿಜಿಟಲ್ ಆಯಿತು. 2019ರ ಫೆಬ್ರವರಿಯಿಂದ ಬೇಕಾದ ಚಾನೆಲ್‌ಗಳನ್ನು ಮಾತ್ರ ಆರಿಸಿ ಹಣ ಕೊಡುವ ಹಕ್ಕು ಗ್ರಾಹಕನಿಗಿದೆ. ಮಕ್ಕಳ ಚಾನೆಲ್ ಐದಾರು ಬೇಕಿಲ್ಲ, ಒಂದು ಸಾಕು. ಯಾವುದೆಂಬುದನ್ನು ಕೇಬಲ್‌ನವನು ನಿರ್ಧರಿಸಬಾರದು, ತಂದೆ ತಾಯಿ ಒಂದು ವಾರ ನೋಡಿ ನಿರ್ಧರಿಸಬೇಕು. ಭಾಷೆ ಬದಲಿಸುವ ಗುಂಡಿ ರಿಮೋಟಿನಲ್ಲಿದ್ದರೆ ಕನ್ನಡವಿದೆಯೇ ನೋಡಿ.

2. ಸಮಯ ಮೊದಲೇ ಗೊತ್ತುಪಡಿಸಿ. ಮಗ್ರಿಬ್ ಅಝಾನ್ ಕೇಳಿದಾಗ ಟಿ.ವಿ. ಆರಬೇಕು. ನಡುವೆ ಕಿತ್ತುಕೊಂಡರೆ ಅಝಾನ್ ಎಂದರೆ ಆಟ ಕೆಡಿಸುವ ಸದ್ದು ಎಂಬ ಭಾವನೆ ಬರುವ ಅಪಾಯವಿದೆ. ಆದುದರಿಂದ ಅಝಾನ್‌ಗೆ ಹತ್ತು ನಿಮಿಷ ಮುಂಚೆ ಮುಗಿಯುವ ಕಂತನ್ನೇ ಹಚ್ಚಿ. ಏಳು ವರ್ಷವಾದ ಮಗುವಿಗೆ ನಮಾಝ್ ಕಲಿಸಬೇಕೆಂದು ಪ್ರವಾದಿ(ಸ) ಹೇಳಿರುವ ವಯಸ್ಸೇ ಕಾರ್ಟೂನಿನ ಹುಚ್ಚು ಹೆಚ್ಚುವ ವಯಸ್ಸೂ ಹೌದು.

3. ಸುಳ್ಳು ಆಸೆ ತೋರಿಸಬೇಡಿ. ಮಗುವನ್ನು ಕರೆಯಲು ಏನೋ ಕೊಡುತ್ತೇನೆಂದ ತಾಯಿಯೊಬ್ಬರನ್ನು ಪ್ರವಾದಿ(ಸ), ಏನು ಕೊಡಬೇಕೆಂದಿದ್ದೆ ಎಂದು ವಿಚಾರಿಸಿದರು. ಖರ್ಜೂರ ಎಂದರು ಆಕೆ. ಏನೂ ಕೊಡದಿದ್ದರೆ ಅದು ಒಂದು ಸುಳ್ಳೆಂದು ದಾಖಲಾಗುತ್ತಿತ್ತು ಎಂದು ಅವರು ಎಚ್ಚರಿಸಿದರು. ಪಾಠ ಓದು, ಕಾರ್ಟೂನ್ ಹಾಕುತ್ತೇನೆ ಎಂದು ಹೇಳಿ ಹಾಕದಿರುವುದು ಇದೇ ಸಾಲಿಗೆ ಸೇರುತ್ತದೆ.

4. ತಿದ್ದುವಾಗ ಮೃದುವಾಗಿರಿ. ಊಟದ ತಟ್ಟೆಯಲ್ಲೆಲ್ಲ ಕೈಯಾಡಿಸುತ್ತಿದ್ದ ಬಾಲಕ ಉಮರ್ ಬಿನ್ ಅಬೀ ಸಲಮರಿಗೆ(ರ) ಪ್ರವಾದಿ(ಸ) ಕಲಿಸಿದ್ದು ಮೂರೇ ಮಾತು: ಅಲ್ಲಾಹನ ನಾಮದಿಂದ ಆರಂಭಿಸು, ಬಲಗೈಯಿಂದ ತಿನ್ನು, ನಿನ್ನ ಹತ್ತಿರದಿಂದ ತಿನ್ನು ಎಂಬುದು. ಆ ಬಾಲಕ ಜೀವನವಿಡೀ ಹಾಗೆಯೇ ಉಂಡರು. ಊಟದ ಹೊತ್ತಿನಲ್ಲಿ ಟಿ.ವಿ. ಓಡುತ್ತಿದ್ದರೆ ಈ ಮೂರು ಮಾತು ಹೇಳಲು ಸಂದರ್ಭವೆಲ್ಲಿ?

5. ಟಿ.ವಿ. ಆರಿಸಿದ ಮೇಲೆ ಏನು ಎಂಬುದಕ್ಕೆ ಉತ್ತರ ಇಟ್ಟುಕೊಳ್ಳಿ. ಬರೀ ಬೇಡವೆಂದರೆ ಮಗು ಹಟ ಮಾಡುತ್ತದೆ. ನಮ್ಮ ಭಾಗದಲ್ಲಿ ಅಲ್ಲಾಹನ ಕೃಪೆಯಿಂದ ಇನ್ನೂ ಹಸಿರಿದೆ. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಜಯನಗರದ ಪಕ್ಕದಲ್ಲೇ ಇದೆ. ಅಲ್ಲಿಯ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಬೆಟ್ಟಗಳನ್ನು ಹೇಗೆ ನೆಡಲಾಗಿದೆಯೆಂದು ನೋಡುವುದಿಲ್ಲವೇ ಎಂದು ಕುರ್‌ಆನ್ ಕೇಳುವುದನ್ನು ಆ ಬಂಡೆಯ ಮೇಲೆ ಕುಳಿತು ಮಗುವಿಗೆ ಹೇಳಿ. ಬಿ.ಟಿ.ಎಂ.ನವರಿಗೆ ಮಡಿವಾಳ ಕೆರೆ, ಜೆ.ಪಿ. ನಗರದವರಿಗೆ ಮಿನಿ ಫಾರೆಸ್ಟ್ ಮತ್ತು ಪುಟ್ಟೇನಹಳ್ಳಿ ಕೆರೆ ಹತ್ತಿರ.

6. ನೀವೇ ಕಥೆ ಹೇಳಿ. ಯೂನುಸರನ್ನು(ಅ) ನುಂಗಿದ ಮೀನು, ಸುಲೈಮಾನರ(ಅ) ಸೈನ್ಯ ಕಂಡು ತನ್ನವರನ್ನು ಎಚ್ಚರಿಸಿದ ಇರುವೆ, ಸುದ್ದಿ ತಂದ ಹುದ್‌ಹುದ್ ಹಕ್ಕಿ, ಗುಹಾವಾಸಿಗಳ ಬಾಗಿಲಲ್ಲಿ ಕಾಲು ಚಾಚಿ ಮಲಗಿದ ನಾಯಿ, ಅಬ್ರಹನ ಆನೆಗಳು. ಯಾವ ಕಾರ್ಟೂನಿಗೆ ಇವು ಕಡಿಮೆ? ಮಲೇಷ್ಯಾದವರು 2007ರಲ್ಲಿ ರಮಝಾನ್ ಮಹತ್ವವನ್ನು ಮಕ್ಕಳಿಗೆ ತಿಳಿಸಲು 'ಉಪಿನ್ ಇಪಿನ್' ಎಂಬ ಕಾರ್ಟೂನ್ ಮಾಡಿದರು. ಇಬ್ಬರು ಅವಳಿ ಮಕ್ಕಳ ಆ ಕಥೆ ಅವರ ದೇಶದಾಚೆಗೂ ಜನಪ್ರಿಯವಾಯಿತು. ಚಿತ್ರ ಬಿಡಿಸಬಲ್ಲ, ಕಂಪ್ಯೂಟರ್ ಬಲ್ಲ ಯುವಕ ಯುವತಿಯರು ಬೆಂಗಳೂರಿನಲ್ಲಿ ನಮ್ಮವರೂ ಇದ್ದಾರೆ. ಕನ್ನಡದಲ್ಲಿ ಅಂಥದೊಂದು ಏಕೆ ಆಗಬಾರದು?

7. ನಿಮ್ಮ ಕೈಯನ್ನೂ ನೋಡಿಕೊಳ್ಳಿ. ಅಮ್ಮೀ ಧಾರಾವಾಹಿಯಲ್ಲಿ, ಅಬ್ಬಾ ಮೊಬೈಲಿನಲ್ಲಿ ಮುಳುಗಿರುವಾಗ ಮಗುವಿಗೆ ಮಾತ್ರ ಬುದ್ಧಿ ಹೇಳಿದರೆ ಅದು ಕೇಳುವುದಿಲ್ಲ. ಇಂದು ಎಷ್ಟೋ ಮನೆಗಳಲ್ಲಿ ಕಾರ್ಟೂನ್ ಟಿ.ವಿ.ಯಿಂದ ಇಳಿದು ಮೊಬೈಲಿಗೆ ಬಂದಿದೆ. ಟಿ.ವಿ. ನಡುಮನೆಯಲ್ಲಿತ್ತು, ಒಲೆಯ ಮುಂದಿದ್ದವರಿಗೂ ಸದ್ದು ಕೇಳುತ್ತಿತ್ತು. ಮೊಬೈಲ್ ಹಿಡಿದ ಮಗು ಹೊದಿಕೆಯೊಳಗೆ ಏನು ನೋಡುತ್ತಿದೆಯೆಂದು ಯಾರಿಗೂ ತಿಳಿಯದು, ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಬರುತ್ತದೆ. ಎರಡರಲ್ಲಿ ಒಂದು ಬೇಕೇ ಬೇಕೆಂದಾದರೆ ಎಲ್ಲರೂ ನೋಡುವ ಜಾಗದಲ್ಲಿರುವ ಟಿ.ವಿ.ಯೇ ವಾಸಿ.

8. ಚಟ ಕೈಮೀರಿದ್ದರೆ ನಾಚಿಕೆ ಬೇಡ. ಪರದೆ ಕಿತ್ತುಕೊಂಡರೆ ಮಗು ಊಟ, ನಿದ್ದೆ, ಶಾಲೆ ಬಿಡುವ ಸ್ಥಿತಿ ತಲುಪಿದ್ದರೆ ವೈದ್ಯರ ಸಲಹೆ ಪಡೆಯಿರಿ. ನಿಮ್ಹಾನ್ಸ್ ಸಂಸ್ಥೆಯು ಇಂಥ ಚಟಗಳಿಗಾಗಿಯೇ 2014ರಲ್ಲಿ 'ಶಟ್' ಎಂಬ ಕ್ಲಿನಿಕ್ ಆರಂಭಿಸಿತು. ಚಿಕಿತ್ಸೆ ಪಡೆಯುವುದೂ ಪ್ರವಾದಿಚರ್ಯೆಯೇ.

ಕೊನೆಯದಾಗಿ

ನಿಮ್ಮನ್ನೂ ನಿಮ್ಮ ಕುಟುಂಬದವರನ್ನೂ ನರಕಾಗ್ನಿಯಿಂದ ರಕ್ಷಿಸಿಕೊಳ್ಳಿರೆಂದು ಸೂರಃ ಅತ್ತಹ್ರೀಮ್‌ನಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸಿದ್ದಾನೆ. ಈ ಆಜ್ಞೆ ತಂದೆ ತಾಯಿಗೆ ಬಂದದ್ದು. ಚಾನೆಲ್ ನಡೆಸುವವರು ತಮ್ಮ ವ್ಯಾಪಾರ ನಡೆಸುತ್ತಾರೆ. ಅವರಲ್ಲಿ ಒಳ್ಳೆಯ ಕಥೆ ಕೊಡುವವರೂ ಇದ್ದಾರೆ. ಆದರೆ ನಿಮ್ಮ ಮಗುವಿನ ಹೆಸರು ಅವರಿಗೆ ಗೊತ್ತಿಲ್ಲ. ಹನ್ನೆರಡು ಭಾಷೆಯಲ್ಲಿ ಮಾತಾಡಬಲ್ಲ ಪೆಟ್ಟಿಗೆಗೆ ಮಗುವಿನ ಒಂದು ಪ್ರಶ್ನೆಗೂ ಉತ್ತರ ಕೊಡಲಾಗದು. ಆ ಉತ್ತರ ಕೊಡಬೇಕಾದವರು ನೀವು. ಇಂದು ಅದರ ಪಕ್ಕದಲ್ಲಿ ಕುಳಿತುಕೊಳ್ಳದಿದ್ದರೆ ನಾಳೆ ಅದು ಬೆಳೆದ ಮೇಲೆ ನಾವು ಕರೆದರೂ ನಮ್ಮ ಪಕ್ಕದಲ್ಲಿ ಕೂರುವುದಿಲ್ಲ.

ಈ ವಾರ ಒಂದು ದಿನವನ್ನಾದರೂ ಆರಿಸಿಕೊಳ್ಳಿ. ಮಗು ಇಷ್ಟಪಡುವ ಕಾರ್ಟೂನನ್ನು ಅದರ ಜೊತೆ ಕುಳಿತು ಆರಂಭದಿಂದ ಕೊನೆಯವರೆಗೆ ನೋಡಿ. ಆಮೇಲೆ ಟಿ.ವಿ. ಆರಿಸಿ ಕೇಳಿ: ಇದರಲ್ಲಿ ಯಾರು ಒಳ್ಳೆಯದು ಮಾಡಿದರು? ಯಾರು ತಪ್ಪು ಮಾಡಿದರು? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಮಗುವಿನ ಉತ್ತರದಿಂದ ಅದರ ಮನಸ್ಸಿನಲ್ಲಿ ಏನು ಬೇರೂರುತ್ತಿದೆಯೆಂದು ನಿಮಗೇ ತಿಳಿಯುವುದು.

ನಮ್ಮ ಸಂತತಿಯನ್ನು ಅಲ್ಲಾಹನು ನಮ್ಮ ಕಣ್ಣುಗಳಿಗೆ ತಂಪಾಗಿಸಲಿ. ನಮಗೆ ಒಪ್ಪಿಸಿದ ಅಮಾನತ್ತನ್ನು ಕಾಪಾಡುವ ಶಕ್ತಿ ನೀಡಲಿ. ಆಮೀನ್.